ಖಂಡೆಗೆ ಕುಂತ ಸರ್ವರ್

ಯಂತ್ರ ಶುರುವಾದ ಸದ್ದಿಗೆ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಸಮಾಧಾನದ ಉಸಿರು ಬಿಟ್ಟವನು ಶ್ರೀಶೈಲ. ಅದು ಸುಳ್ಳು ಉಸಿರೆಂದು ಬಲ್ಲವನೂ ಅಲ್ಲಿ ಅವನೊಬ್ಬನೇ. ಕಂಪ್ಯೂಟರಿನ ಡಬ್ಬಿಯ ನೆತ್ತಿಗೆ ಮೊನ್ನೆ ಎಳೆದ ವಿಭೂತಿಯ ಮೂರು ಗೆರೆ ಹಾಗೇ ಇದ್ದವು, ಅವುಗಳ ನಡುವೆ ಕುಂಕುಮವೂ ಇತ್ತು. ಸಂದಿಗೆ ಸಿಕ್ಕಿಸಿದ್ದ ಚೆಂಡುಹೂವು ಬಾಡಿ ಕಂದಾಗಿತ್ತು. ಒಳಗಿನ ಫ್ಯಾನು ತಿರುಗಿದ್ದೇ ಅದರ ಒಂದು ಎಸಳು ನಡುಗತೊಡಗಿತು. ಪ್ರಿನ್ಸಿಪಾಲ ಶಂಕ್ರೆಪ್ಪನವರು ಕೈ ಹಿಂದೆ ಕಟ್ಟಿ ನಿಂತಿದ್ದರು. ಅವರ ಪಕ್ಕದಲ್ಲಿ ಆಫೀಸಿನ ಅನ್ನಪೂರ್ಣಾಬಾಯಿ, ಬಾಗಿಲ ಹತ್ತಿರ ಕಸಬರಿಗೆ ಹಿಡಿದ ಶಟ್ಟೆವ್ವ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಒಂದರ ಕೆಳಗೊಂದು ಮೂಡುತ್ತಿದ್ದವು, ಪ್ರತಿ ಸಾಲಿನ ಕೊನೆಗೂ ಹಸಿರು ಅಕ್ಷರದಲ್ಲಿ ಓಕೆ, ಓಕೆ ಎಂದು ಬರುತ್ತಿತ್ತು. ಇನ್ನು ನಾಲ್ಕು ಸಾಲು, ಇನ್ನು ಮೂರು ಎಂದು ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ. ವೆಬ್ ಸರ್ವರಿನ ಸಾಲು ಬಂದಾಗ ಹಸಿರಿನ ಜಾಗದಲ್ಲಿ ಕೆಂಪು ಮೂಡಿತು. ಅವನು ಬೆಚ್ಚಿಬಿದ್ದವನಂತೆ ಮುಂದಕ್ಕೆ ಬಾಗಿದ. ಬೆಚ್ಚಿಬಿದ್ದವನಂತೆ ಬಾಗಬೇಕೆಂದು ಮೆಟ್ಟಿಲು ಹತ್ತುವಾಗಲೇ ನಿಶ್ಚಯಿಸಿಕೊಂಡಿದ್ದ.

"ಏನಾತಪಾ?" ಎಂದರು ಪ್ರಿನ್ಸಿಪಾಲರು.

"ಬರವಲ್ದರಿ ಸರ."

"ನಿಮ್ಮ ಮಷೀನಂದು ಇನ್ನೂ ಉಪವಾಸ ಮುಗದಿಲ್ಲೇನ್ರಿ?" ಅನ್ನಪೂರ್ಣಾಬಾಯಿ ನಕ್ಕರು. "ಬನ್ನಿ ಆಗಿ ಹೋತು, ಹೋಳಗಿ ತಿಂದದ್ದೂ ಆತು. ಏಳಂತ ಹೇಳ್ರಿ ಅದಕ್ಕ."

ಲ್ಯಾಬಿನಲ್ಲಿ ಹನ್ನೆರಡು ಯಂತ್ರಗಳು. ಹನ್ನೊಂದು ವಿದ್ಯಾರ್ಥಿಗಳಿಗೆ. ಮೂಲೆಯ ಹನ್ನೆರಡನೆಯದು ಲಿನಕ್ಸಿನ ಸರ್ವರು, ಉಳಿದವು ಕೇಳಿದ ಪುಟಗಳನ್ನು ಕೊಡುವುದಷ್ಟೇ ಅದರ ಕೆಲಸ. ಅದು ಕೊಡುವ ಮೊದಲ ಪುಟದಲ್ಲಿ ಕಾಲೇಜಿನ ಕಟ್ಟಡದ ಫೋಟೋ ಇತ್ತು. ಊರಿನ ಸ್ಟುಡಿಯೋದವನು ತೆಗೆದದ್ದು. ತೆಗೆಯುವ ಗಡಿಬಿಡಿಯಲ್ಲಿ ಗೇಟಿನ ಮುಂದೆ ಕಸ ಹೊಡೆಯುತ್ತಿದ್ದ ಶಟ್ಟೆವ್ವನೂ ಅದರಲ್ಲಿ ಸಿಕ್ಕಿಬಿದ್ದಿದ್ದಳು. ಮುಖ ಕಾಣುತ್ತಿರಲಿಲ್ಲ, ಬಾಗಿದ ಬೆನ್ನು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ದಿನಾ ಮುಂಜಾನೆ ಅವನು ಯಂತ್ರಗಳನ್ನು ಶುರು ಮಾಡುವಾಗ ಆಕೆ ಗುಡಿಸುವುದನ್ನು ನಿಲ್ಲಿಸಿ ಬಂದು ನೋಡುತ್ತಿದ್ದಳು. "ಇನ್ನೂ ಕಸಾನ ಹೊಡ್ಯಾಕ ಹತ್ತೇನೇನ್ರಿ ಅಲ್ಲಿ? ಪಗಾರ ಎರಡ ಕೊಡಸ್ರಿ ಹಂಗಾರ," ಎನ್ನುತ್ತಿದ್ದಳು. ತಪಾಸಣೆಯ ತಂಡ ಬರುವ ಮುನ್ನ ಆಕೆಯನ್ನು ಆ ಚಿತ್ರದಿಂದ ತೆಗೆಯಬೇಕೆಂದು ಪ್ರಿನ್ಸಿಪಾಲರು ಎರಡು ಸಲ ಹೇಳಿದ್ದರು. ಅವನು ಎರಡು ಸಲವೂ ಮಾಡುತ್ತೇನೆಂದು ಹೇಳಿ ಮಾಡಿರಲಿಲ್ಲ. ಹೀಗೆ ಮಾಡದಿರುವುದರಲ್ಲಿ ಅವನಿಗೊಂದು ಗುಟ್ಟಿನ ಹೆಮ್ಮೆ ಇತ್ತು. ಸಿಬ್ಬಂದಿಯಲ್ಲಿ ಆಕೆಯನ್ನು 'ರಿ' ಹಚ್ಚಿ ಮಾತಾಡಿಸುವವನೂ ತಾನೊಬ್ಬನೇ ಎಂಬ ಹೆಮ್ಮೆಯಂಥದೇ ಅದು.

ಕಾಲೇಜುಗಳನ್ನು ನೋಡಿ ದರ್ಜೆ ಕೊಡುವ ತಂಡ ನಾಡಿದ್ದು ಬರುವುದಿತ್ತು. ನಾಲ್ಕು ವರ್ಷದಿಂದ ಅವನದು ಹಂಗಾಮಿ ಕೆಲಸ, ಪ್ರತಿ ಜೂನಿನಲ್ಲಿ ಹೊಸ ಅರ್ಜಿ, ಹೊಸ ಕೈಮುಗಿತ. "ತಂಡ ಬಂದ ಹೋಗ್ಲಿ, ನಿನ್ನ ಕಾಯಂ ಮಾಡೂದು ನನಗ ಬಿಡು," ಎಂದಿದ್ದರು ಶಂಕ್ರೆಪ್ಪನವರು. "ಆದರ ಒಂದ ಮಾತು. ಅಲ್ಲೀತನಕ ಆ ಮೂಲ್ಯಾಗಿನ ಮಷೀನ ಮುಟ್ಟಬ್ಯಾಡ. ನಡಿಯೂ ಎತ್ತಿಗೆ ಬಾರಕೋಲ ಯಾಕ?" ಅವನು ತಲೆಯಾಡಿಸಿದ್ದ. ತಲೆಯಾಡಿಸುತ್ತಿರುವಾಗಲೇ ಧಾರವಾಡದ ಆ ಮನುಷ್ಯನ ನೆನಪು ಬಂದಿತ್ತು. ಮಳೆಗಾಲದ ಮೊದಲು ಅಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ, ಚಹಾದ ಹೊತ್ತಿಗೆ, ನಿಮ್ಮಲ್ಲಿ ಯಾವ ಸರ್ವರ್ ಎಂದು ಕೇಳಿ, ಇವನು ಹೇಳಿದ್ದೇ ತಡ ಕಪ್ಪಿನೊಳಗೇ ನಕ್ಕಿದ್ದ. "ಇನ್ನೂ ಅದನ್ನ ನಡಸೀರೇನು?" ಅಷ್ಟೇ. ಸುತ್ತ ನಿಂತಿದ್ದ ಇಬ್ಬರು ಹುಡುಗಿಯರು ತಮ್ಮ ಬಿಸ್ಕೀಟು ನೋಡಿಕೊಂಡಿದ್ದರು. ಆ ಬಿಸ್ಕೀಟು ಇಂದಿಗೂ ಅವನ ಕಣ್ಣ ಮುಂದಿದೆ. ಆ ಸರ್ವರಿನ ಹಳೆಯ ಆವೃತ್ತಿಯಲ್ಲಿ ಕಳ್ಳಗಿಂಡಿಗಳಿವೆ, ಹೊರಗಿನವರು ಹೊಕ್ಕಾರು ಎಂದು ಆಮೇಲೆ ಮಾಸಿಕವೊಂದರಲ್ಲಿ ಓದಿದ. ಹೊಸ ಆವೃತ್ತಿ ಅದರ ಜೊತೆ ಬಂದ ಸಿ.ಡಿ.ಯಲ್ಲೇ ಇತ್ತು. ಹೊರಗಿನವರು ಎಲ್ಲಿಂದ ಹೊಗಬೇಕಿತ್ತು? ಬೈಲಹೊಂಗಲದ ಈ ಕೋಣೆಯಿಂದ ಹೊರಜಗತ್ತಿಗೆ ಒಂದು ತಂತಿಯೂ ಇರಲಿಲ್ಲ. ಆದರೂ ಖಂಡೇನವಮಿಯ ದಿನ ಮುಂಜಾನೆ, ಆಯುಧಪೂಜೆಗೆ ಎರಡು ತಾಸು ಇದೆಯೆನ್ನುವಾಗ, ಲ್ಯಾಬಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಅವನು ಸಿ.ಡಿ. ಹಾಕಿದ. ಹಳೆಯದನ್ನು ಒಂದೇ ಆಜ್ಞೆಯಲ್ಲಿ ಕಿತ್ತ. ಅದರದೊಂದು ಪ್ರತಿ ತೆಗೆದಿಡುವುದಕ್ಕೆ ಹತ್ತು ನಿಮಿಷ ಹಿಡಿಯುತ್ತಿತ್ತು; ಆ ಹತ್ತು ನಿಮಿಷ ಅವನಿಗೆ ಹೇಡಿತನದಂತೆ ಕಂಡಿತ್ತು.

ಹೊಸದು ಏಳಲಿಲ್ಲ. ಹಳೆಯ ಸೂಚನೆಗಳ ಕಡತದ ಇಂಥ ಸಾಲಿನಲ್ಲಿರುವ ಮಾತು ನನಗೆ ತಿಳಿಯುವುದಿಲ್ಲ ಎಂದಿತು. ಅವನು ಆ ಸಾಲನ್ನು ಅಳಿಸಿದರೆ ಅದರ ಕೆಳಗಿನ ಇನ್ನೊಂದು ಸಾಲು ತಿಳಿಯುವುದಿಲ್ಲ ಎಂದಿತು. ನಾಲ್ಕು ವರ್ಷ ಹೇಳಿದ್ದನ್ನೆಲ್ಲ ತಲೆಬಾಗಿ ಕೇಳಿದ ಅದೇ ಯಂತ್ರ, ಅದೇ ಮಾತು. ಕೇಳುವವನು ಮಾತ್ರ ಬದಲಾಗಿದ್ದ. ಅಂಗಿಯ ಬೆನ್ನು ತೊಯ್ದು ಕುರ್ಚಿಗೆ ಅಂಟಿತು. ಶಟ್ಟೆವ್ವ ಒಳಗೆ ಬಂದು, ಮೇಜುಗಳ ಕೆಳಗೆ ಗುಡಿಸಿ, ಒಂದು ಗಳಿಗೆ ಅವನ ಹಿಂದೆ ನಿಂತು, ಏನೂ ಅನ್ನದೆ ಹೋದದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ. ಹತ್ತೂವರೆಗೆ ಪಡಸಾಲೆಯಿಂದ ಪ್ರಿನ್ಸಿಪಾಲರ ದನಿ ಕೇಳಿತು. "ಬಂದ ಮಾಡಪಾ ಎಲ್ಲಾ, ಪೂಜಿ ಮಾಡೂಣು." ಅವನು ಗುಂಡಿ ಒತ್ತಿ ಪರದೆ ಕಪ್ಪಾಗುವುದನ್ನು ನೋಡಿದ. ಖಂಡೆಗೆ ಕುಂತ ಆಯುಧವನ್ನು ಬನ್ನಿ ಮುಡಿಯುವ ತನಕ ಎಬ್ಬಿಸಬಾರದು. ಕುಡುಗೋಲಾಗಲಿ, ತಕ್ಕಡಿಯಾಗಲಿ, ಆ ಒಂದೂವರೆ ದಿನ ಯಾರೂ ಮುಟ್ಟುವುದಿಲ್ಲ. ಯಾವುದನ್ನೂ ನಂಬದ ತನಗೆ ಆ ಕಟ್ಟಳೆ ಅಷ್ಟು ತಂಪಾಗಿ ತಾಗಿದ್ದನ್ನು ನೆನೆದರೆ ಅವನಿಗೆ ಈಗಲೂ ನಾಚಿಕೆ.

"ಅವತ್ತ ಇದಕ್ಕ ಕುಂಕುಮ ಹಚ್ಚಿದವರು ಯಾರು?" ಅನ್ನಪೂರ್ಣಾಬಾಯಿ ಕೇಳುತ್ತಿದ್ದರು. ಅವರು ಆ ದಿನ ರಜೆ ಹಾಕಿ ಮನೆಯ ಪೂಜೆಗೆ ಉಳಿದಿದ್ದರು. ಪ್ರಶ್ನೆಯಲ್ಲಿ ಕೆಡುಕೇನೂ ಇರಲಿಲ್ಲ. ಬಾಗಿದ ಬೊಟ್ಟನ್ನು ನೋಡಿ ಯಾರ ಕೈ ಎಂದು ಕೇಳಿದ ಹಾಗಷ್ಟೇ.

ಶಂಕ್ರೆಪ್ಪನವರು ಅವನ ಕಡೆ ನೋಡಿದರು. ಅಂದು ತಾವು ವಿಭೂತಿ ಎಳೆದು, ಕುಂಕುಮದ ಬಟ್ಟಲನ್ನು ಅವನ ಕೈಗಿಟ್ಟು, ಫೋನು ಬಂತೆಂದು ಹೋಗಿದ್ದರು. ಬಟ್ಟಲು ಹಿಡಿದು ನಿಂತವನಿಗೆ ಬಾಗಿಲಾಚೆ ನೀರಿನ ತಂಬಿಗೆ ಹಿಡಿದ ಶಟ್ಟೆವ್ವ ಕಂಡಳು, ಬೋಳು ಹಣೆಯ ಶಟ್ಟೆವ್ವ. ಒಳಗೆ ಬಾರದೆ ಹೊಸ್ತಿಲಿಗೆ ಎರಡು ಗೇಣು ಹಿಂದೆ ನಿಂತ ಆ ನಿಲುವು. ತನ್ನೂರು ಹೂಲಿಯ ಮನೆಯಲ್ಲಿ ಅಕ್ಕನ ಮದುವೆಯ ದಿನ ಅಡುಗೆಮನೆಯ ಕದದ ಹಿಂದೆ ಅವ್ವ ರಾಚವ್ವ ನಿಂತ ನಿಲುವೂ ಅದೇ. ಅಪ್ಪ ತೀರಿ ಆಗ ಏಳು ತಿಂಗಳು. ಮದುಮಗಳಿಗೆ ಸುರಗಿ ನೀರು ಹಾಕಲು ಮುತ್ತೈದೆಯರನ್ನು ಕರೆಯುವಾಗ ಅವ್ವನ ಬಳೆಯಿಲ್ಲದ ಕೈ ಕದದ ಅಂಚಿನಲ್ಲಿ ಕಾಣುತ್ತಿತ್ತು. ಕರೆದಿದ್ದರೆ ಬರುತ್ತಿದ್ದಳು. ಹದಿನೆಂಟರ ಮಗ ಕರೆದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅವನು ಪಾನಕದ ಗಡಿಗೆಯ ಕಡೆ ನಡೆದುಹೋಗಿದ್ದ.

"ಶಟ್ಟೆವ್ವಾರ, ಬರ್ರಿ, ನೀವ ಹಚ್ರಿ," ಎಂದಿದ್ದ ಅವನು ಮೊನ್ನೆ, ಕುಂಕುಮದ ಬಟ್ಟಲು ಚಾಚಿ.

"ನಾ ಒಲ್ಲೆರಿ ಸರ. ನನ್ನ ಕೈ ಯಾಕ..."

"ಏನಾಗೂದಿಲ್ಲ ಬರ್ರಿ. ಮಷೀನಕ್ಕೇನ ತಿಳಿತೈತಿ?"

ಆಕೆ ಕೈಯನ್ನು ಸೀರೆಗೆ ಒರೆಸಿ, ಮತ್ತೊಮ್ಮೆ ಒರೆಸಿ, ಉಂಗುರಬೆರಳಿನಿಂದ ಹಚ್ಚಿದ್ದಳು. ಬೊಟ್ಟು ತುಸು ಬಾಗಿತ್ತು. ಆಗ ತನ್ನ ಎದೆಯೊಳಗೆ ಏನೋ ತುಂಬಿ ಬಂದಂತೆ ಅವನಿಗೆ ಅನಿಸಿದ್ದು ನಿಜ. ಆದರೆ ಈಗ, ಕೆಂಪು ಸಾಲಿನ ಎದುರು ನಿಂತಿರುವಾಗ, ಆ ತುಂಬಿ ಬಂದದ್ದರ ತಳದಲ್ಲಿ ಬೇರೇನಾದರೂ ಇತ್ತೇ ಎಂದು ಕೈಯಾಡಿಸಿದ. ಸತ್ತ ಯಂತ್ರದ ಮೇಲೆ ತನ್ನದಲ್ಲದ ಇನ್ನೊಂದು ಕೈ ಬೀಳಲಿ ಎಂಬ ಆಸೆ? ಇರಲಿಲ್ಲ ಎಂದು ಆಣೆ ಮಾಡಿ ಹೇಳಲಾರ. ಇತ್ತು ಎಂದು ಒಪ್ಪಲೂ ಆಗದು.

"ನಾನ್ರಿ," ಎಂದಳು ಶಟ್ಟೆವ್ವ ಬಾಗಿಲಿನಿಂದ. "ನಾ ಹಚ್ಚೇನಿ."

ನಾನೇ ಹಚ್ಚಲು ಹೇಳಿದೆ ಎನ್ನಲು ಶ್ರೀಶೈಲನಿಗೆ ಎಷ್ಟು ಹೊತ್ತು ಬೇಕು? ಅಂದರೆ ಸಾಲದು, ಅದಕ್ಕೂ ಮೊದಲೇ ಕೆಡಿಸಿದ್ದೆ ಎಂದೂ ಹೇಳಬೇಕು. ಹೇಳಿದರೆ, ಮುಟ್ಟಬೇಡವೆಂದದ್ದನ್ನು ಮುಟ್ಟಿದ್ದು ಏಕೆಂದು ಹೇಳಬೇಕು. ಆಗ ಆ ಬಿಸ್ಕೀಟಿನ ತನಕ ಹೋಗಬೇಕು. ಅವನು ತಂತಿಯೊಂದನ್ನು ಕಿತ್ತು ಮತ್ತೆ ಸಿಕ್ಕಿಸಿದ. ಅದು ಕೀಲಿಮಣೆಯ ತಂತಿ, ಏನೂ ಸಂಬಂಧವಿರಲಿಲ್ಲ.

"ತಪ್ಪೇನ ಅಕಿದಲ್ಲ ಬಿಡ್ರಿ," ಎಂದರು ಅನ್ನಪೂರ್ಣಾಬಾಯಿ, ಮೆತ್ತಗೆ. ಮೆತ್ತಗೆ ಅಂದದ್ದರಿಂದಲೇ ಅದು ಪೂರ್ತಿ ಆಕೆಯದಾಯಿತು. "ತಿಳಿಲಾರದ ಮಾಡ್ಯಾಳ. ಆದರ ಶಟ್ಟೆವ್ವಾ, ಇಷ್ಟ ವಯಸ್ಸಾತು, ನಿನಗರ ಗೊತ್ತಾಗಬಾರದ?"

"ನಾ ಇಂಥಾದ್ದು ನಂಬೂ ಮನಿಷ್ಯಾ ಅಲ್ಲ," ಎಂದು ಶಂಕ್ರೆಪ್ಪನವರು ಕನ್ನಡಕ ತೆಗೆದು ಒರೆಸಿದರು. "ಆದರೂ ಎಲ್ಲಾರ ಮನಸ್ಸಿಗೆ ಸಮಾಧಾನ ಇರಲಿ. ನಾಳೆ ಮುಂಜಾನೆ ಅನ್ನಪೂರ್ಣಾಬಾಯಿ ಇನ್ನೊಮ್ಮೆ ಪೂಜಿ ಮಾಡ್ಲಿ. ಶ್ರೀಶೈಲ, ಅಷ್ಟರಾಗ ನೀನೂ ಏನಾಗೇತಿ ನೋಡು. ನಾಡಿದ್ದ ತಂಡ ಐತಿ, ನೆನಪಿರಲಿ."

ಶಟ್ಟೆವ್ವ ಕಸಬರಿಗೆಯನ್ನು ಗೋಡೆಗಾನಿಸಿ, ಬಂದು, ಪ್ರಿನ್ಸಿಪಾಲರ ಕಾಲಿಗೆ ಎರಡು ಮಾರು ದೂರದಲ್ಲಿ ನೆಲ ಮುಟ್ಟಿ ನಮಸ್ಕರಿಸಿದಳು. "ತಪ್ಪಾತ್ರಿ ಯಪ್ಪಾ." ಎದ್ದು ನಿಲ್ಲುವಾಗ ಒಮ್ಮೆ ಶ್ರೀಶೈಲನ ಕಡೆ ನೋಡಿದಳು. ನೋಟದಲ್ಲಿ ದೂರಿರಲಿಲ್ಲ. ಯಾರೋ ಬರುವುದಿದೆ, ಬಂದರೇ ಎಂದು ದಾರಿ ನೋಡುವವರ ನೋಟ ಅದು. ಅವನು ಪರದೆಯ ಕಡೆ ತಿರುಗಿದ.

ನಿನ್ನೆಯೂ ಹೀಗೇ ಆಗಿತ್ತು. ಬನ್ನಿಯ ದಿನ ಮುಂಜಾನೆ ಅವನು ಆಕೆಯ ಓಣಿಗೆ ಹೋಗಿ ಲ್ಯಾಬಿನ ಚಾವಿ ಕೇಳಿದ್ದ. ಒಂದು ತಾಸು ಸಿಕ್ಕರೆ ಸರಿಮಾಡಿ, ಯಾರಿಗೂ ತಿಳಿಯದಂತೆ ಮತ್ತೆ ಕೂರಿಸಿ ಬರಬಹುದಿತ್ತು. ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ಆಕೆ ಮೊರವನ್ನು ಕೆಳಗಿಡದೆಯೇ, "ಖಂಡೆ ಕುಂತಾವ್ರಿ ಸರ. ಇವತ್ತ ಎಬ್ಬಸಬಾರದು," ಎಂದಿದ್ದಳು. ಆಮೇಲೆ ಸ್ವಲ್ಪ ತಡೆದು, "ಯಾಕ್ರಿ, ಏನರ ಆಗೇತೇನ್ರಿ?" ಏನಿಲ್ಲ ಎಂದು ಅವನು ನಕ್ಕು ಬಂದಿದ್ದ. ಸಂಜೆ ಪೇಟೆಯಲ್ಲಿ ಎದುರಾದಾಗ ಸೆರಗಿನ ಗಂಟಿನಿಂದ ನಾಲ್ಕೆಲೆ ತೆಗೆದು ಅವನ ಅಂಗೈಗೆ ಹಾಕಿದಳು. "ಬನ್ನಿ ತಗೊಂಡ ಬಂಗಾರದಾಂಗ ಇರೂಣ್ರಿ ಸರ." ಅವನ ಹತ್ತಿರ ಎಲೆ ಇರಲಿಲ್ಲ. ಆಕೆ ಕೊಟ್ಟದ್ದರಲ್ಲೇ ಎರಡನ್ನು ತಿರುಗಿ ಆಕೆಗೆ ಕೊಟ್ಟ.

ಎರಡನೆಯ ಪೂಜೆಯ ದಿನ ಅವನು ಬೆಳಿಗ್ಗೆ ಏಳಕ್ಕೇ ಬಂದು ಕುಳಿತ. ಹಿಂದಿನ ಮಧ್ಯಾಹ್ನದಿಂದ ದುಡಿದು, ತಿಳಿಯದ ಸಾಲುಗಳನ್ನೆಲ್ಲ ಒಂದೊಂದಾಗಿ ಹೊಸ ಭಾಷೆಗೆ ತಿರುಗಿಸಿದ್ದ; ಪರೀಕ್ಷೆಯ ಅಂಕ ತೋರಿಸುವ ಪುಟಗಳಿಗೆ ಬೇಕಾದ ಕೊಂಡಿಯೊಂದು ಹೊಸದಕ್ಕೆ ಕೂಡುತ್ತಿರಲಿಲ್ಲ, ಅದನ್ನೂ ಕೂಡಿಸಿದ. ಎಂಟೂ ಹತ್ತಕ್ಕೆ ಕಡತವನ್ನು ತಪಾಸಿಸಲು ಹೇಳಿದರೆ ಎಲ್ಲ ಸರಿಯಿದೆ ಎಂದು ಯಂತ್ರ ಉತ್ತರಿಸಿತು. ಇನ್ನು ಶುರುವಾಗೆಂಬ ಒಂದೇ ಆಜ್ಞೆ ಬಾಕಿ. ಅದನ್ನು ಬೆರಳಚ್ಚಿಸಿ, ಕೊನೆಯ ಗುಂಡಿ ಒತ್ತದೆ ಕುಳಿತ. ಈಗ ಒತ್ತಿದರೆ ಪೂಜೆಗೆ ಮೊದಲೇ ಪುಟ ಬರುತ್ತದೆ. ಪೂಜೆಗೂ ಇದಕ್ಕೂ ಸಂಬಂಧವಿಲ್ಲವೆಂದು ಬಾಯಿ ಬಿಡದೆಯೇ ಸಿದ್ಧವಾಗುತ್ತದೆ. ಹಾಗಾದರೆ ಸಂಬಂಧ ಯಾವುದಕ್ಕೆ, ಏನು ಕೆಟ್ಟಿತ್ತು ಎಂದು ಶಂಕ್ರೆಪ್ಪನವರು ಕೇಳುತ್ತಾರೆ. ಬೆರಳು ಗುಂಡಿಯ ಮೇಲೆಯೇ ಇತ್ತು. ಕಿಟಕಿಯಾಚೆ ಅಡತಿ ಅಂಗಡಿಗಳ ಕಡೆಗೆ ಹೋಗುವ ಚಕ್ಕಡಿಯೊಂದು ಹಾಯ್ದುಹೋಯಿತು, ಎತ್ತಿನ ಕೊಂಬಿಗೆ ದಸರೆಯ ಬಣ್ಣ ಇನ್ನೂ ಇತ್ತು. ಪಡಸಾಲೆಯಲ್ಲಿ ಬಳೆಯ ಸದ್ದು ಬಂತು. ಬೆರಳು ತಾನಾಗಿಯೇ ಗುಂಡಿಯಿಂದ ಎದ್ದಿತು, ಯಾರದೋ ಬೆರಳಿನ ಹಾಗೆ.

ಅನ್ನಪೂರ್ಣಾಬಾಯಿ ಹಸಿ ಬಟ್ಟೆಯಿಂದ ಹಳೆಯ ಕುಂಕುಮ ಒರೆಸಿದರು. ಬಾಗಿದ ಬೊಟ್ಟು ಅಳಿಸುವಾಗ ಡಬ್ಬಿಯ ಮೇಲೆ ಕೆಂಪು ಹರಡಿ, ಎರಡನೆಯ ಸಲ ಒರೆಸಬೇಕಾಯಿತು. ನೆಟ್ಟಗೆ, ದುಂಡಗೆ ಹೊಸದನ್ನು ಇಟ್ಟು ಆರತಿ ಬೆಳಗಿದರು. ಶಟ್ಟೆವ್ವ ಹೊಸ್ತಿಲಿನಿಂದ ಎರಡು ಗೇಣಲ್ಲ, ಈಗ ನಾಲ್ಕು ಮಾರು ದೂರ, ಕಂಬದ ಹತ್ತಿರ ನಿಂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು, ಚಳಿಯಾದವರ ಹಾಗೆ.

"ಈಗ ನೋಡಪಾ," ಎಂದರು ಪ್ರಿನ್ಸಿಪಾಲರು.

ಅವನು ಒತ್ತಿದ. ಹಸಿರು. ಪಕ್ಕದ ಯಂತ್ರದಲ್ಲಿ ಪುಟ ಮೂಡಿತು: ಕಟ್ಟಡ, ಗೇಟು, ಬಾಗಿದ ಬೆನ್ನು. ಅನ್ನಪೂರ್ಣಾಬಾಯಿ ಚಪ್ಪಾಳೆ ತಟ್ಟಿ, "ನೋಡಿದ್ರೇನ್ರಿ?" ಎಂದರು, ಗೆದ್ದವರಂತಲ್ಲ, ನಿಜಕ್ಕೂ ಹಿಗ್ಗಿ. ಅವನು ಬಾಯಿ ತೆರೆದ. ಈಗಲೂ ಹೇಳಬಹುದಿತ್ತು, ಹೇಳಲಿಕ್ಕೆಂದೇ ತೆರೆದ. "ಸರ, ಖರೇ ಅಂದರ..." ಎಂದ. ಶಂಕ್ರೆಪ್ಪನವರು ಪೇಢೆ ಮುರಿದು ಅವನ ಬಾಯಿಗೆ ತುರುಕಿದರು. "ಮೊದಲ ತಿನ್ನು. ಕಾಯಂ ಅಂತ ತಿಳಕೊ ಇನ್ನ." ಪೇಢೆ ದೊಡ್ಡದಿತ್ತು. ಅಗಿದು ನುಂಗುವ ತನಕ ಎಲ್ಲರೂ ನಗುತ್ತ ನಿಂತಿದ್ದರು. ನುಂಗಿದ ಮೇಲೆ ಹೇಳಬೇಕಾದ್ದೂ ಅದರ ಜೊತೆ ಇಳಿದುಹೋಗಿತ್ತು. ಕಂಬದ ಹತ್ತಿರ ಯಾರೂ ಇರಲಿಲ್ಲ.

ತಂಡ ಬಂತು, ಪುಟಗಳನ್ನು ನೋಡಿತು, ಚಹಾ ಕುಡಿದು ಹೋಯಿತು. ಅವರಲ್ಲೊಬ್ಬರೂ ಆವೃತ್ತಿ ಯಾವುದೆಂದು ಕೇಳಲೇ ಇಲ್ಲ. ಅದರ ಮರುದಿನ ಮಧ್ಯಾಹ್ನ ಶಟ್ಟೆವ್ವ ಲ್ಯಾಬು ಗುಡಿಸಲು ಬಂದಾಗ ಅವನೊಬ್ಬನೇ ಇದ್ದ. ಆಕೆ ಹನ್ನೊಂದು ಮೇಜು ಒರೆಸಿ, ಮೂಲೆಯದನ್ನು ಬಿಟ್ಟು ತಿರುಗಿದಳು. ಹೇಳಲು ಈ ಹೊತ್ತನ್ನೇ ಏಕೆ ಆರಿಸಿದೆ ಎಂದು ಅವನು ತನ್ನನ್ನು ಕೇಳಿಕೊಂಡ, ಉತ್ತರ ಗೊತ್ತಿತ್ತು: ಕೇಳಿಸಿಕೊಂಡರೂ ಇದರಿಂದ ಏನನ್ನೂ ಮಾಡಲಾಗದವಳು ಈಕೆಯೊಬ್ಬಳೇ.

"ಶಟ್ಟೆವ್ವಾರ, ಅವತ್ತ ಮಷೀನ ನಿಮ್ಮಿಂದ ಕೆಟ್ಟಿದ್ದಿಲ್ಲ. ಪೂಜಿಕ್ಕಿಂತ ಮೊದಲ ನಾನ ಕೆಡಿಸಿದ್ದೆ."

ಆಕೆ ಬಟ್ಟೆಯನ್ನು ಬಾಲ್ದಿಯಲ್ಲಿ ಹಿಂಡಿದಳು. "ಗೊತ್ತೈತ್ರಿ."

"ಹೆಂಗ?"

"ಅವತ್ತ ಮುಂಜಾನೆ ಅದರಾಗ ನಾ ಇದ್ದಿಲ್ಲಲ್ರಿ." ಆಕೆಯ ಬೆರಳು ಮೂಲೆಯದರ ಪಕ್ಕದ ಯಂತ್ರದ ಪರದೆಯ ಕಡೆ ತೋರಿಸಿತು. "ದಿನಾ ನೋಡತೇನಲ್ರಿ ನಾ. ಬೆಳ್ಳಗ, ಏನೇನೂ ಇದ್ದಿಲ್ಲ. ನಿಮ್ಮ ಬೆನ್ನ ಹಿಂದ ನಿಂತ ನೋಡೇನಿ. ನಿಮಗ ಎಚ್ಚರ ಇದ್ದಿಲ್ಲ."

ಆಕೆ ಹಿಂಡಿದ ಬಟ್ಟೆಯನ್ನು ಬಾಲ್ದಿಯ ಅಂಚಿಗೆ ಹಾಕಿದಳು.

"ಇವತ್ತ ಅಂತಾರ, ನಾಳೆ ಅಂತಾರ ಅಂತ ಮೂರ ದಿನಾ ನೋಡಿದ್ನಿರಿ," ಎಂದಳು. "ಚಾವಿ ಕೇಳಾಕ ಬಂದಾಗೂ ಕೇಳಿದ್ನಿ, ಏನರ ಆಗೇತೇನಂತ. ನೀವು ನಕ್ಕ ಹೋದ್ರಿ."

"ಈಗ ಹೇಳತೇನಿ. ಪ್ರಿನ್ಸಿಪಾಲರ ಮುಂದ, ಎಲ್ಲಾರ ಮುಂದನ ಹೇಳತೇನಿ."

"ಬ್ಯಾಡ್ರಿ." ಆಕೆಯ ದನಿ ಮೊದಲ ಸಲ ಗಡುಸಾಯಿತು. "ನಾ ನೆಲಾ ಮುಟ್ಟಿ ತಪ್ಪಾತು ಅಂದೇನಿ. ಮೊನ್ನೆ ಗುಡ್ಡಕ್ಕ ಹೋಗಿ ಎಲ್ಲವ್ವಗ ಕಾಯಿ ಒಡಿಸಿ ಬಂದೇನಿ. ಗೊತ್ತಿದ್ದೂ ತಪ್ಪಾತು ಅಂದಾಕಿ ಅಂತ ಆಮ್ಯಾಲೆ ಎಲ್ಲಾರೂ ನನ್ನ ನೋಡಿ ನಗಬೇಕೇನ್ರಿ? ಆ ತಪ್ಪು ಈಗ ನಂದ ಐತಿ. ಇರಲಿ ಬಿಡ್ರಿ." ಬಾಲ್ದಿ ಎತ್ತಿಕೊಂಡು ಬಾಗಿಲ ತನಕ ಹೋಗಿ ನಿಂತಳು. "ಒಂದ ಕೆಲಸಾ ಮಾಡ್ರಿ. ಆ ಫೋಟೋದಾಗಿಂದ ನನ್ನ ತಗದ ಬಿಡ್ರಿ. ಸಾಹೇಬ್ರು ಹೇಳಿದ್ರಂತಲ್ಲ, ಅನ್ನಪೂರ್ಣಾಬಾಯಿ ಅಂದ್ರು. ದಿನಾ ನೋಡೂದು ಒಂದ ಚಟ ಆಗಿತ್ತು ನಂಗ."

ಆಕೆ ಹೋದ ಮೇಲೆ ಅವನು ಫೋಟೋ ತೆರೆದು ದೊಡ್ಡದು ಮಾಡಿದ. ಅಂಚಿಗಿದ್ದಿದ್ದರೆ ಕತ್ತರಿಸಬಹುದಿತ್ತು, ಗೇಟಿನ ನಡುವೆಯೇ ನಿಂತಿದ್ದಳು. ಪಕ್ಕದ ಮಣ್ಣನ್ನು ಚೂರುಚೂರಾಗಿ ಎತ್ತಿ ಆಕೆಯ ಮೇಲೆ ಹಾಕುತ್ತ ಹೋಗಬೇಕಾಯಿತು: ಮೊದಲು ಕಾಲು, ಆಮೇಲೆ ಸೆರಗು, ಕೊನೆಗೆ ಬಾಗಿದ ಬೆನ್ನು. ಅರ್ಧ ತಾಸು ಹಿಡಿಯಿತು. ಹೊಸ ಚಿತ್ರವನ್ನು ಸರ್ವರಿಗೆ ಹಾಕಿ, ಸರಿಯಾಗಿದೆಯೇ ಎಂದು ಮೊದಲ ಯಂತ್ರದಲ್ಲಿ ಪುಟ ತೆರೆದರೆ ಶಟ್ಟೆವ್ವ ಅಲ್ಲಿಯೇ ಇದ್ದಳು. ಎರಡನೆಯದರಲ್ಲೂ ಇದ್ದಳು. ಆಮೇಲೆ ಹೊಳೆಯಿತು: ಒಮ್ಮೆ ನೋಡಿದ ಚಿತ್ರವನ್ನು ಈ ಯಂತ್ರಗಳು ತಮ್ಮಲ್ಲಿ ಇಟ್ಟುಕೊಂಡಿರುತ್ತವೆ, ಮೂಲದಲ್ಲಿ ಅಳಿಸಿದರೂ ಅವು ಮರೆಯುವುದಿಲ್ಲ. ಒಂದೊಂದಕ್ಕೂ ಹೋಗಿ ಮರೆಯೆಂದು ಹೇಳಬೇಕು.

ಅವನು ಒಂದೊಂದಕ್ಕೂ ಹೋಗಿ ಕುಳಿತ. ಪ್ರತಿಯೊಂದರಲ್ಲೂ ಆಕೆ ಗೇಟಿನ ಮುಂದೆ ಬಾಗಿ ಗುಡಿಸುತ್ತಿದ್ದಳು, ಪ್ರತಿಯೊಂದರಲ್ಲೂ ಅವನು ಗುಂಡಿ ಒತ್ತಿದ. ಹತ್ತು ಮುಗಿದವು. ಹನ್ನೊಂದನೆಯದರ ಮುಂದೆ ಬಹಳ ಹೊತ್ತು ಕುಳಿತ. ಹೊರಗೆ ಕಸಬರಿಗೆಯ ಸದ್ದು ಪಡಸಾಲೆ ದಾಟಿ, ಮೆಟ್ಟಿಲಿಳಿದು, ಗೇಟಿನ ಕಡೆಗೆ ಹೋಗುತ್ತಿತ್ತು. ಎದ್ದು ಕಿಟಕಿಗೆ ಹೋದರೆ ಕಾಣುತ್ತಿದ್ದಳು. ಅವನು ಏಳಲಿಲ್ಲ, ಒತ್ತಿದ. ಪುಟ ಒಮ್ಮೆ ಬೆಳ್ಳಗಾಯಿತು. ಆಮೇಲೆ ಮೇಲಿನಿಂದ ಕೆಳಗೆ ಎಳೆಎಳೆಯಾಗಿ ಮೂಡಿತು: ಆಕಾಶ, ಕಟ್ಟಡದ ನೆತ್ತಿ, ಕಿಟಕಿಗಳು, ಗೇಟು. ಗೇಟಿನ ಮುಂದೆ ಯಾರೂ ಇರಲಿಲ್ಲ. ನೆಲ ಮಾತ್ರ ಸ್ವಚ್ಛವಾಗಿತ್ತು.